‘ಬೆಳಗಾಗಲಿ, ನೋಡೋಣ’ ಎನ್ನುವ ಮನೆಗಳಿಗೆ ಆರೋಗ್ಯದ ಆ್ಯಪ್ ಕಟ್ಟುವುದು ಹೇಗೆ?

ನನ್ನ ಚಿಕ್ಕಪ್ಪನಿಗೆ ಎದೆ ಹಿಡಿದುಕೊಂಡದ್ದು ರಾತ್ರಿ ಹತ್ತೂ ಮುಕ್ಕಾಲಿಗೆ. ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದರು. ಚಿಕ್ಕಮ್ಮನೂ ಹಾಗೆಯೇ ಅಂದುಕೊಂಡರು. ಹನ್ನೊಂದಕ್ಕೆ ಸೋಡಾ, ಹನ್ನೆರಡೂವರೆಗೆ ಜೀರಿಗೆ ಕಷಾಯ. ಒಂದು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವರಿತು, ಫ್ಯಾನ್ ಜೋರು ಮಾಡಿದರು. ಮೂರು ಗಂಟೆಗೆ ಬೆಂಗಳೂರಿನಲ್ಲಿದ್ದ ಮಗನಿಗೆ ಫೋನ್ ಹೋಯಿತು. ‘ಈ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತೀರಿ ಅಪ್ಪಾ, ಬೆಳಗಾಗಲಿ, ನೋಡೋಣ’ ಎಂದ ಅವನು. ಐದೂವರೆಗೆ ಹಾಲಿನ ಗಾಡಿ ಬಂತು, ಅದರಲ್ಲೇ ಕೂರಿಸಿಕೊಂಡು ಹೊರಟರು. ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುವವರು ಇರಲಿಲ್ಲ. ತಾಲ್ಲೂಕು ಆಸ್ಪತ್ರೆ ಮುಟ್ಟಿದಾಗ ಏಳೂ ಕಾಲು. ಜೀವ ಉಳಿಯಿತು. ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಈಗ ಮಹಡಿ ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

ಒಟ್ಟು ಎಂಟೂವರೆ ಗಂಟೆ. ಅದರಲ್ಲಿ ರಸ್ತೆಯ ಮೇಲೆ ಕಳೆದದ್ದು ಒಂದು ಗಂಟೆಯೂ ಇಲ್ಲ. ಸುಮಾರು ಏಳು ಗಂಟೆ ಮನೆಯೊಳಗೇ ಕಳೆದುಹೋಯಿತು. ಆ ಮನೆಯಲ್ಲಿ ಅಂದು ಮೂರು ಸ್ಮಾರ್ಟ್‌ಫೋನುಗಳಿದ್ದವು, ಒಂದರಲ್ಲಿ ಹೆಜ್ಜೆ ಎಣಿಸುವ ಆರೋಗ್ಯದ ಆ್ಯಪ್ ಕೂಡ ಇತ್ತು.

ನಾನು ಆ್ಯಪ್‌ಗಳ ವಿನ್ಯಾಸ ಮಾಡುವವನು. ಆ ರಾತ್ರಿಯ ನಂತರ ಈ ಕೆಲಸವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ತುರ್ತು ಆರೋಗ್ಯದ ಆ್ಯಪ್ ರೋಗದ ಹೆಸರು ಹೇಳಬೇಕಾಗಿಲ್ಲ. ಮೊದಲ ಅನುಮಾನ ಹುಟ್ಟಿದ ಗಳಿಗೆಯಿಂದ ಮನೆಯವರು ಚಪ್ಪಲಿ ಮೆಟ್ಟುವ ಗಳಿಗೆಯವರೆಗಿನ ಹೊತ್ತನ್ನು ಅದು ಕಡಿಮೆ ಮಾಡಿದರೆ ಸಾಕು. ಇಂಥ ಆ್ಯಪ್ ಕಟ್ಟಲು ಹೊರಟಿರುವ ಡೆವಲಪರ್‌ಗಳು, ವೈದ್ಯರು, ಸ್ವಯಂಸೇವಾ ಸಂಸ್ಥೆಯವರು, ವಿದ್ಯಾರ್ಥಿಗಳಿಗಾಗಿ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದೆರಡು ತುರ್ತು, ಒಂದು ತಾಲ್ಲೂಕು

ಎಲ್ಲ ಕಾಯಿಲೆಗೂ ಒಂದೇ ಆ್ಯಪ್ ಎಂಬ ಆಸೆಯನ್ನು ಮೊದಲೇ ಬಿಡಿ. ಹೊತ್ತು ಮೀರಿದರೆ ಚಿಕಿತ್ಸೆಯೇ ಕೈತಪ್ಪುವ ಒಂದೆರಡು ಸಂದರ್ಭಗಳನ್ನು ಮಾತ್ರ ಆರಿಸಿಕೊಳ್ಳಿ. ರಕ್ತನಾಳ ಪೂರ್ತಿ ಕಟ್ಟಿಕೊಂಡು ಆಗುವ ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು 12 ಗಂಟೆಯೊಳಗೆ ಕೊಡಬಹುದು. ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಸಿಗುವ ಫಲ ಆಮೇಲೆ ಸಿಗುವುದಿಲ್ಲ. ಪಾರ್ಶ್ವವಾಯುವಿಗೆ ಅಂಥ ಚುಚ್ಚುಮದ್ದಿನ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹಾವು ಕಚ್ಚಿದವರಿಗೆ ಪ್ರತಿವಿಷ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಸಾಯುತ್ತಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಕರ್ನಾಟಕ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಒಂದೇ ತಾಲ್ಲೂಕು ಸಾಕು ಎನ್ನುವುದಕ್ಕೂ ಕಾರಣವಿದೆ. ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ, ಯಾವ ಹಳ್ಳಿಯ ಹಳ್ಳಕ್ಕೆ ಮಳೆಗಾಲದಲ್ಲಿ ನೀರು ಬರುತ್ತದೆ ಎಂಬುದನ್ನು ನೀವೇ ಹೋಗಿ ತಿಳಿಯಬೇಕು. ಇಡೀ ರಾಜ್ಯಕ್ಕೆ ಅದನ್ನು ಒಮ್ಮೆಲೇ ಮಾಡಲಾಗದು. ಇಲ್ಲಿ ನಾನು ಎದೆನೋವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 2: ಆ ರಾತ್ರಿಯ ಗೆರೆ ಎಳೆಯಿರಿ

ಒಂದು ಸಾಲು ಕೋಡ್ ಬರೆಯುವ ಮುನ್ನ ಹತ್ತು ಹದಿನೈದು ಮನೆಗಳಿಗೆ ಹೋಗಿ. ಹೃದಯಾಘಾತವೋ ಪಾರ್ಶ್ವವಾಯುವೋ ಆದವರ ಮನೆಗಳು. ಆಶಾ ಕಾರ್ಯಕರ್ತೆಯರು ಜೊತೆಗಿದ್ದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಉದ್ದನೆಯ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಎಡತುದಿಯಲ್ಲಿ ಮೊದಲ ಲಕ್ಷಣ, ಬಲತುದಿಯಲ್ಲಿ ಚಿಕಿತ್ಸೆ ಶುರುವಾದ ಗಳಿಗೆ. ನಡುವೆ ನಡೆದದ್ದನ್ನೆಲ್ಲ ಗಂಟೆಯ ಸಮೇತ ಗುರುತು ಹಾಕಿ. ಮೊದಲು ಯಾರಿಗೆ ಹೇಳಿದರು? ಏನು ಕುಡಿದರು, ಯಾವ ಎಣ್ಣೆ ತಿಕ್ಕಿದರು? ಹೋಗೋಣ ಎಂದವರು ಯಾರು, ಬೇಡ ಎಂದವರು ಯಾರು? ಗಾಡಿ ಯಾರದು? ಕೈಯಲ್ಲಿ ಎಷ್ಟು ದುಡ್ಡಿತ್ತು?

‘ಯಾಕೆ ತಡ ಮಾಡಿದಿರಿ’ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರುತ್ತಾರೆ. ‘ಆಮೇಲೆ ಏನಾಯಿತು’ ಎಂದಷ್ಟೇ ಕೇಳಿ, ಸುಮ್ಮನೆ ಕುಳಿತುಕೊಳ್ಳಿ.

ತಾಯಂದಿರ ಸಾವಿನ ಕಾರಣ ಹುಡುಕುತ್ತಾ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಮೂರು ವಿಳಂಬಗಳ ಲೆಕ್ಕ ಕೊಟ್ಟರು: ಹೋಗೋಣ ಎಂದು ನಿರ್ಧರಿಸುವ ತಡ, ಆಸ್ಪತ್ರೆ ಮುಟ್ಟುವ ತಡ, ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವ ತಡ. ಎಲ್ಲ ತುರ್ತುಗಳಿಗೂ ಈ ಲೆಕ್ಕ ಹೊಂದುತ್ತದೆ. ಚಿಕ್ಕಪ್ಪನ ಗೆರೆಯನ್ನು ಎಳೆದಾಗ ಹತ್ತೂ ಮುಕ್ಕಾಲರಿಂದ ಐದೂವರೆಯವರೆಗೆ ಪೂರ್ತಿ ಮೊದಲ ವಿಳಂಬವೇ ತುಂಬಿತ್ತು. ಹೆಚ್ಚಿನ ಆ್ಯಪ್‌ಗಳು ಕೈ ಹಾಕುವುದು ಎರಡನೆಯದಕ್ಕೆ. ನಕ್ಷೆ ತೋರಿಸುತ್ತವೆ, ಆಂಬ್ಯುಲೆನ್ಸ್ ಎಲ್ಲಿದೆ ಎನ್ನುತ್ತವೆ. ಅದೂ ಬೇಕು. ಆದರೆ ಯಾರೂ ಏಳದ ಮನೆಯಲ್ಲಿ ನಕ್ಷೆ ತೆರೆಯುವವರು ಯಾರು?

ಹೆಜ್ಜೆ 3: ಮೊದಲ ಪರದೆ

ಮೊದಲ ಪರದೆಯಲ್ಲಿ ನೋಂದಣಿ ಬೇಡ, ಒಟಿಪಿ ಬೇಡ, ಸ್ವಾಗತದ ಚಿತ್ರ ಬೇಡ. ಎರಡೇ ಗುಂಡಿಗಳು. ಮೇಲೆ ದೊಡ್ಡದಾಗಿ ‘108ಕ್ಕೆ ಕರೆ ಮಾಡಿ’, ಕೆಳಗೆ ‘ಏನೆಂದು ತಿಳಿಯುತ್ತಿಲ್ಲ’. ಎರಡನೆಯ ಗುಂಡಿಯ ಮೇಲಿನ ಮಾತು ಹೀಗೆಯೇ ಇರಲಿ. ‘ಲಕ್ಷಣ ಪರಿಶೀಲನೆ’ ಎಂದರೆ ಪರೀಕ್ಷೆಗೆ ಕುಳಿತ ಹಾಗಾಗುತ್ತದೆ. ಕೈಕಾಲು ನಡುಗುತ್ತಿರುವವರ ಮನಸ್ಸಿನಲ್ಲಿ ಇರುವ ಮಾತು ‘ಏನೋ ಆಗುತ್ತಿದೆ, ತಿಳಿಯುತ್ತಿಲ್ಲ’ ಎಂಬುದೇ.

ಕರೆಯ ಗುಂಡಿ ಇಂಟರ್ನೆಟ್ ಇಲ್ಲದೆಯೂ ನಡೆಯಬೇಕು. ಆಂಡ್ರಾಯ್ಡ್‌ನಲ್ಲಿ ಫೋನಿನ ಡಯಲ್ ಪರದೆಯಲ್ಲಿ ಸಂಖ್ಯೆ ತುಂಬಿ ನಿಲ್ಲಿಸಲು ಯಾವ ಅನುಮತಿಯೂ ಬೇಕಾಗಿಲ್ಲ. ಆ್ಯಪ್‌ನಿಂದಲೇ ನೇರವಾಗಿ ಕರೆ ಹೋಗಬೇಕಾದರೆ ಅನುಮತಿಯ ಪ್ರಶ್ನೆ ಅಡ್ಡ ಬರುತ್ತದೆ. ಮೊದಲನೆಯದನ್ನೇ ಬಳಸಿ. ಇನ್ನೊಂದು ಸಲ ಒತ್ತಬೇಕಾಗುತ್ತದೆ ನಿಜ, ಆದರೆ ಮಗು ಆಟವಾಡುತ್ತಾ ಒತ್ತಿದರೆ ಆಂಬ್ಯುಲೆನ್ಸ್ ಕೇಂದ್ರಕ್ಕೆ ಕರೆ ಹೋಗುವುದಿಲ್ಲ. 108 ಸಿಗದಿದ್ದರೆ ಮುಂದಿನ ಸಾಲಿನಲ್ಲೇ ಎಲ್ಲ ತುರ್ತಿಗೂ ಒಂದೇ ಸಂಖ್ಯೆಯಾದ 112 ಇರಲಿ. ಸಂಖ್ಯೆಗಳನ್ನು 108 ಎಂದೇ ಬರೆಯಿರಿ, ೧೦೮ ಎಂದಲ್ಲ. ಫೋನಿನ ಕೀಲಿಗಳ ಮೇಲೆ ಇರುವ ಅಂಕಿಗಳೇ ಪರದೆಯ ಮೇಲೂ ಕಾಣಬೇಕು.

ಹೆಜ್ಜೆ 4: ಮೂರು ಪ್ರಶ್ನೆ, ನಾಲ್ಕನೆಯದು ಇಲ್ಲ

‘ಏನೆಂದು ತಿಳಿಯುತ್ತಿಲ್ಲ’ ಒತ್ತಿದವರಿಗೆ ಪ್ರಶ್ನೆಗಳನ್ನು ಕೇಳಿ, ಆದರೆ ವಯಸ್ಸು, ತೂಕ, ಹಳೆಯ ಕಾಯಿಲೆಗಳಿಂದ ಶುರು ಮಾಡಬೇಡಿ. ಎದೆನೋವಿಗೆ ಪ್ರಶ್ನೆಗಳು ಹೀಗಿರಬಹುದು. ಎದೆಯಲ್ಲಿ ಭಾರ, ಬಿಗಿತ, ಹಿಂಡಿದ ಹಾಗೆ ಅಥವಾ ಉರಿ ಕೆಲವು ನಿಮಿಷ ಕಳೆದರೂ ಹೋಗಿಲ್ಲವೇ? ನೋವು ತೋಳಿಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹರಡಿದೆಯೇ? ತಣ್ಣನೆಯ ಬೆವರು, ಉಸಿರು ಕಟ್ಟಿದ ಹಾಗೆ, ವಾಂತಿ, ಕಣ್ಣು ಕತ್ತಲೆ, ಇವುಗಳಲ್ಲಿ ಒಂದಾದರೂ ಇದೆಯೇ? ಯಾವುದಕ್ಕಾದರೂ ‘ಹೌದು’ ಎಂದ ಕೂಡಲೇ ಪ್ರಶ್ನೆಗಳು ನಿಲ್ಲಬೇಕು, ಕರೆಯ ಪರದೆ ಬರಬೇಕು. ‘ಗೊತ್ತಿಲ್ಲ’ ಎಂಬ ಉತ್ತರವನ್ನೂ ‘ಹೌದು’ ಎಂದೇ ಎಣಿಸಿ.

‘ತೀವ್ರ’ ಎಂಬ ಪದವನ್ನು ಎಲ್ಲಿಯೂ ಬಳಸಬೇಡಿ. ‘ತೀವ್ರ ಎದೆನೋವು ಇದೆಯೇ’ ಎಂದು ಕೇಳಿದರೆ ನಮ್ಮ ಹಿರಿಯರು ‘ಅಷ್ಟೇನಿಲ್ಲ’ ಎನ್ನುತ್ತಾರೆ. ಹೆರಿಗೆಯ ನೋವು, ಗದ್ದೆಯ ಕೆಲಸ, ಮುರಿದ ಮೂಳೆ ಎಲ್ಲವನ್ನೂ ಸಹಿಸಿದವರಿಗೆ ತೀವ್ರದ ಅಳತೆಯೇ ಬೇರೆ. ಅದರ ಮೇಲೆ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಹೆಚ್ಚಿನ ನೋವಿಲ್ಲದೆಯೂ ಬರುವುದುಂಟು. ಬರೀ ಸುಸ್ತು, ಏದುಸಿರು, ಬೆವರು. ಆ ಸಾಲು ಪ್ರಶ್ನೆಯಲ್ಲಿ ಇರಲೇಬೇಕು.

ಪಾರ್ಶ್ವವಾಯುವಿಗೆ ಪ್ರಶ್ನೆಗಿಂತ ಮಾಡಿಸಿ ನೋಡುವುದು ಸುಲಭ. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯೇ ನೋಡಿ. ಎರಡೂ ಕೈ ಎತ್ತಿಸಿ, ಒಂದು ಕೈ ತಾನಾಗಿ ಕೆಳಗಿಳಿಯುತ್ತದೆಯೇ ನೋಡಿ. ‘ಹಾಲು ಉಕ್ಕಿತು, ಒಲೆ ಆರಿಸು’ ಎಂದು ಹೇಳಿಸಿ, ಮಾತು ತೊದಲುತ್ತಿದೆಯೇ ಕೇಳಿ. ಉತ್ತರ ಕರ್ನಾಟಕದಲ್ಲಿ ಜನ ಇದನ್ನು ಲಕ್ವ ಎನ್ನುತ್ತಾರೆ, ಪೇಟೆಗಳಲ್ಲಿ ಸ್ಟ್ರೋಕ್ ಎನ್ನುತ್ತಾರೆ. ಹುಡುಕುವ ಜಾಗದಲ್ಲಿ ಮೂರು ಹೆಸರೂ ಸಿಗಬೇಕು.

ಇನ್ನು ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದವರಿಗೆ ಏನು ತೋರಿಸುತ್ತೀರಿ? ನಾನು ಅತಿ ಹೆಚ್ಚು ಎಚ್ಚರ ವಹಿಸುವ ಪರದೆ ಇದು. ಹಸಿರು ಬಣ್ಣದ ‘ಗಾಬರಿ ಬೇಡ’ ಪರದೆಯನ್ನು ಎಂದಿಗೂ ಮಾಡಬೇಡಿ. 23 ಲಕ್ಷಣ-ಪರಿಶೀಲನಾ ಸಾಧನಗಳನ್ನು ಪರೀಕ್ಷಿಸಿ 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ, ಎಷ್ಟು ತುರ್ತು ಎಂಬ ಸಲಹೆ ಒಟ್ಟಾರೆ ಸರಿಯಿದ್ದದ್ದು ಶೇ. 57ರಷ್ಟು ಸಲ. ನಿಜವಾದ ತುರ್ತು ಪ್ರಕರಣಗಳಲ್ಲಿ ಶೇ. 80. ಅಂದರೆ ತುರ್ತಾಗಿ ಹೋಗಬೇಕಿದ್ದ ಐದರಲ್ಲಿ ಒಂದು ಸಲ ತಪ್ಪು ಸಲಹೆ. ಒಂದು ಹಸಿರು ಪರದೆಯಿಂದ ಇಡೀ ಮನೆ ಮತ್ತೆ ಮಲಗಿಬಿಡುತ್ತದೆ. ಅದರ ಬದಲು, ‘ಈಗ ಹೇಳಿದ ಲಕ್ಷಣಗಳಿಂದ ನಾವು ಏನನ್ನೂ ಖಚಿತವಾಗಿ ಹೇಳಲಾರೆವು. ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಹೊರಡಿ’ ಎಂದು ಪಟ್ಟಿ ಕೊಡಿ. ವೈದ್ಯರ ಜೊತೆ ಮಾತನಾಡಬಯಸಿದರೆ ರಾಜ್ಯದ ಆರೋಗ್ಯ ಸಹಾಯವಾಣಿ 104ರ ಗುಂಡಿ ಇರಲಿ. ಎಷ್ಟು ಹೊತ್ತಿನ ನಂತರ ಮತ್ತೆ ನೋಡಬೇಕು ಎಂಬುದನ್ನು ನಿಮ್ಮ ತಂಡದ ವೈದ್ಯರೇ ತೀರ್ಮಾನಿಸಿ ಬರೆದುಕೊಡಬೇಕು, ವಿನ್ಯಾಸಕಾರರಲ್ಲ.

ಚಾಟ್‌ಬಾಟ್ ಹಾಕೋಣವೇ ಎಂದು ಹಲವರು ಕೇಳುತ್ತಾರೆ. ಈ ಮೊದಲ ಐದು ನಿಮಿಷಕ್ಕೆ ಬೇಡ. ಹರಟೆ ಉದ್ದವಾದಷ್ಟೂ ಹೊರಡುವುದು ತಡವಾಗುತ್ತದೆ.

ಹೆಜ್ಜೆ 5: ಹಿಂದೆಳೆಯುವ ಮಾತುಗಳಿಗೆ ಉತ್ತರ ಬರೆಯಿರಿ

ನೀವು ಎಳೆದ ಗೆರೆಗಳಲ್ಲಿ ಮತ್ತೆ ಮತ್ತೆ ಬರುವ ಏಳೆಂಟು ಮಾತುಗಳು ಸಿಗುತ್ತವೆ. ಆ್ಯಪ್‌ನ ಜೀವ ಇರುವುದು ಅವುಗಳಿಗೆ ಕೊಡುವ ಉತ್ತರದಲ್ಲಿ. ‘108ಕ್ಕೆ ಕರೆ ಮಾಡಿ’ ಎಂದು ತೋರಿಸಿದ ಪರದೆಯಲ್ಲೇ ಕೆಳಗೆ ಸಣ್ಣದಾಗಿ ‘ಹೊರಡಲು ಹಿಂಜರಿಕೆಯೇ?’ ಎಂಬ ಒಂದು ಸಾಲು ಇಡಿ. ಒತ್ತಿದರೆ ಆ ಮಾತುಗಳು ಅವರದೇ ಭಾಷೆಯಲ್ಲಿ ಕಾಣಲಿ.

‘ಗ್ಯಾಸ್ಟ್ರಿಕ್ ಇರಬಹುದಲ್ಲವೇ?’ ನಮ್ಮ ನಾಡಿನಲ್ಲಿ ಎದೆನೋವಿನ ಮೊದಲ ಹೆಸರೇ ಇದು. ಇದಕ್ಕೆ ‘ಅಲ್ಲ’ ಎಂದು ಉತ್ತರಿಸಬೇಡಿ, ಯಾಕೆಂದರೆ ಎಷ್ಟೋ ಸಲ ಅದು ನಿಜಕ್ಕೂ ಗ್ಯಾಸ್ಟ್ರಿಕ್ಕೇ ಆಗಿರುತ್ತದೆ. ಹೀಗೆ ಬರೆಯಿರಿ: ‘ಇರಬಹುದು. ಗ್ಯಾಸ್ಟ್ರಿಕ್ಕೋ ಹೃದಯವೋ ಎಂದು ಮನೆಯಲ್ಲಿ ಕುಳಿತು ಯಾರಿಂದಲೂ ಹೇಳಲಾಗದು, ಡಾಕ್ಟರಿಂದಲೂ ಆಗದು. ಇಸಿಜಿ ತೆಗೆಯಲು ಕೆಲವೇ ನಿಮಿಷ ಸಾಕು. ಗ್ಯಾಸ್ಟ್ರಿಕ್ ಆಗಿದ್ದರೆ ನೆಮ್ಮದಿಯಿಂದ ಮನೆಗೆ ಬನ್ನಿ.’ ಸೋಡಾ ಕುಡಿದು ತೇಗು ಬಂದು ಸ್ವಲ್ಪ ಹಗುರಾದರೆ ಅದು ಹೃದಯದ್ದಲ್ಲ ಎಂಬ ನಂಬಿಕೆ ಬಹಳ ಆಳವಾಗಿದೆ. ‘ತೇಗು ಬಂದರೂ ಹೃದಯಾಘಾತ ಆಗಿರಬಹುದು’ ಎಂಬ ಸಾಲನ್ನು ಅಲ್ಲಿಯೇ ಸೇರಿಸಿ. ನನ್ನ ಚಿಕ್ಕಪ್ಪನಿಗೂ ಹನ್ನೊಂದೂ ಕಾಲಿಗೆ ತೇಗು ಬಂದಿತ್ತು.

‘ಹೋದ ಮೇಲೆ ಏನೂ ಇಲ್ಲ ಎಂದರೆ?’ ಇದು ನಾಚಿಕೆಯ ಪ್ರಶ್ನೆ. ಊರವರನ್ನು ಎಬ್ಬಿಸಿ, ಗಾಡಿ ಮಾಡಿಸಿ, ಕೊನೆಗೆ ಏನೂ ಇಲ್ಲವೆಂದರೆ ಮುಖ ತೋರಿಸುವುದು ಹೇಗೆ ಎಂಬ ಅಳುಕು. ‘ಏನೂ ಇಲ್ಲವೆಂದು ತಿಳಿಯಲಿಕ್ಕಾಗಿಯೇ ಆಸ್ಪತ್ರೆ ಇರುವುದು. ನೀವು ಮಾಡಿದ್ದು ಸರಿ’ ಎಂದು ಆ್ಯಪ್ ಹೇಳಲಿ. ಹೋಗಿ ಬಂದವರಿಗೆ ಮರುದಿನ ‘ಹೋದದ್ದು ಒಳ್ಳೆಯದಾಯಿತು, ಮತ್ತೆ ಹೀಗಾದರೆ ಮತ್ತೆ ಹೋಗಿ’ ಎಂಬ ಒಂದು ಸಂದೇಶ ಕಳುಹಿಸಿ. ಒಮ್ಮೆ ಸುಮ್ಮನೆ ಹೋಗಿ ಬಂದೆವು ಎನ್ನುವವರು ಎರಡನೆಯ ಸಲ ತಡ ಮಾಡುತ್ತಾರೆ.

‘ದುಡ್ಡಿಲ್ಲ.’ 108 ಆಂಬ್ಯುಲೆನ್ಸ್ ಉಚಿತ. ಕರ್ನಾಟಕದಲ್ಲಿ ಅದು 2008ರ ನವೆಂಬರ್‌ನಿಂದ ಓಡುತ್ತಿದೆ, ಆದರೂ ಬಾಡಿಗೆ ಎಷ್ಟಾಗುತ್ತದೋ ಎಂದುಕೊಳ್ಳುವವರಿದ್ದಾರೆ. ಜೀವ ಉಳಿಸುವ ಚಿಕಿತ್ಸೆಯನ್ನು ಯಾವ ವೈದ್ಯರೂ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಕಾನೂನಿನ ಪಾಠ ಬೇಡ, ಒಂದೇ ಸಾಲು ಸಾಕು: ‘ಮೊದಲು ಹೊರಡಿ. ತುರ್ತು ಚಿಕಿತ್ಸೆಯನ್ನು ಮುಂಗಡ ಹಣಕ್ಕಾಗಿ ತಡೆಯುವಂತಿಲ್ಲ.’ ಜೊತೆಗೆ ‘ಆಧಾರ್, ರೇಷನ್ ಕಾರ್ಡ್ ಕೈಗೆ ಸಿಕ್ಕರೆ ತನ್ನಿ, ಹುಡುಕುತ್ತಾ ಕೂರಬೇಡಿ’ ಎಂದೂ ಬರೆಯಿರಿ. ಬೀರುವಿನ ಬೀಗದ ಕೈ ಹುಡುಕುತ್ತಾ ಅರ್ಧ ಗಂಟೆ ಹೋದ ಮನೆಯನ್ನು ನಾನು ಕಂಡಿದ್ದೇನೆ.

‘ರಾತ್ರಿ ಡಾಕ್ಟರ್ ಇರುವುದಿಲ್ಲ.’ ಇದಕ್ಕೆ ಮಾತಿನಲ್ಲಿ ಉತ್ತರವಿಲ್ಲ, ಏಳನೆಯ ಹೆಜ್ಜೆಯ ಪಟ್ಟಿಯೇ ಉತ್ತರ.

ಹೆದರಿಸಬೇಡಿ. ತಲೆಬುರುಡೆ, ಕೆಂಪು ಹೊಳಪು, ‘ಸಾವು ಸಂಭವಿಸಬಹುದು’ ಇವೆಲ್ಲ ಕೆಲವರನ್ನು ಓಡಿಸುತ್ತವೆ, ಹಲವರನ್ನು ಕಲ್ಲಾಗಿಸುತ್ತವೆ. ಹತ್ತಿರದ ನೆಂಟರು ಭುಜ ಮುಟ್ಟಿ ‘ಏಳಿ, ಹೋಗೋಣ’ ಎಂದ ಹಾಗಿರಬೇಕು ನಿಮ್ಮ ಬರಹ.

ಹೆಜ್ಜೆ 6: ದೂರದಲ್ಲಿರುವ ಮಗ, ಮಗಳು

ಆ ರಾತ್ರಿಯ ತೀರ್ಮಾನ ಆದದ್ದು ಹಳ್ಳಿಯಲ್ಲಲ್ಲ, ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿ. ನನ್ನ ತಮ್ಮ ನಿದ್ದೆಗಣ್ಣಿನಲ್ಲಿ ಹೇಳಿದ ಒಂದು ಮಾತು ಎರಡೂವರೆ ಗಂಟೆಯನ್ನು ತಿಂದಿತು. ಅವನು ಕೆಟ್ಟವನಲ್ಲ, ಏನು ಕೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ಊರಿನಲ್ಲಿ, ಮಕ್ಕಳು ಬೇರೆಡೆ. ಹಾಗಾಗಿ ನಿಮ್ಮ ಆ್ಯಪ್‌ನಲ್ಲಿ ‘ನಾನು ಅವರ ಹತ್ತಿರ ಇಲ್ಲ’ ಎಂಬ ಮೂರನೆಯ ದಾರಿ ಇರಲಿ. ಹಾಗೆಂದವರಿಗೆ ಫೋನಿನಲ್ಲಿ ಏನು ಕೇಳಬೇಕು ಎಂಬುದನ್ನು ಸಾಲು ಸಾಲಾಗಿ ಕೊಡಿ: ಬೆವರಿದ್ದಾರೆಯೇ? ಮಾತನಾಡುವಾಗ ಉಸಿರು ಸಾಲುತ್ತಿದೆಯೇ? ಯಾವಾಗಿನಿಂದ? ಕೊನೆಗೆ ಹೇಳಬೇಕಾದ ವಾಕ್ಯವನ್ನೂ ಬರೆದುಕೊಡಿ: ‘ಅಪ್ಪಾ, ಬೆಳಗಿನವರೆಗೆ ಕಾಯುವುದು ಬೇಡ. ನಾನು ಪಕ್ಕದ ಮನೆಯವರಿಗೆ ಫೋನ್ ಮಾಡುತ್ತಿದ್ದೇನೆ, ಈಗಲೇ ಹೊರಡಿ.’

ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಕರ್ನಾಟಕದೊಳಗಿನಿಂದ 108ಕ್ಕೆ ಕರೆ ಮಾಡಿ ಬೇರೆ ಜಿಲ್ಲೆಯ ಹಳ್ಳಿಯ ವಿಳಾಸ ಹೇಳಬಹುದು. ಮುಂಬೈಯಿಂದ ಒತ್ತಿದರೆ ಆ ಕರೆ ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ. ದುಬೈಯಿಂದಲೋ ನ್ಯೂಜೆರ್ಸಿಯಿಂದಲೋ ಒತ್ತಿದರೆ ನಮ್ಮ ಕೇಂದ್ರಕ್ಕೆ ಬರುವುದೇ ಇಲ್ಲ. ಹೊರಗಿರುವ ಮಕ್ಕಳ ಕೈಯಲ್ಲಿ ಪಕ್ಕದ ಮನೆಯವರ, ಊರಿನಲ್ಲಿ ಕಾರು ಇರುವ ಇಬ್ಬರ, ತಾಲ್ಲೂಕು ಆಸ್ಪತ್ರೆಯ ಪೂರ್ತಿ ದೂರವಾಣಿ ಸಂಖ್ಯೆಗಳು ಇರಬೇಕು. ಆ್ಯಪ್ ಹಾಕಿಕೊಂಡ ದಿನವೇ ಇವನ್ನು ತುಂಬಿಸಿ. ಹಬ್ಬಕ್ಕೆ ಊರಿಗೆ ಹೋದಾಗ ‘ಸಂಖ್ಯೆಗಳು ಈಗಲೂ ಸರಿಯಿವೆಯೇ’ ಎಂದು ನೆನಪಿಸಿ. ದೀಪಾವಳಿ, ಯುಗಾದಿ ಇದಕ್ಕೆ ಒಳ್ಳೆಯ ದಿನಗಳು.

ಹೆಜ್ಜೆ 7: ಹತ್ತಿರದ ಆಸ್ಪತ್ರೆಯಲ್ಲ, ಸರಿಯಾದ ಆಸ್ಪತ್ರೆ

ನಕ್ಷೆಯಲ್ಲಿ ‘ಹತ್ತಿರದ ಆಸ್ಪತ್ರೆ’ ಎಂದು ಹುಡುಕಿದರೆ ಹಲ್ಲಿನ ಕ್ಲಿನಿಕ್ಕೂ ಬರುತ್ತದೆ. ಎದೆನೋವಿಗೆ ಇಸಿಜಿ ಮತ್ತು ಹೆಪ್ಪು ಕರಗಿಸುವ ಚುಚ್ಚುಮದ್ದು ಇರುವ ಜಾಗ ಬೇಕು. ಪಾರ್ಶ್ವವಾಯುವಿಗೆ ಸಿಟಿ ಸ್ಕ್ಯಾನ್ ಬೇಕು. ಹಾವಿನ ಕಡಿತಕ್ಕೆ ಪ್ರತಿವಿಷದ ದಾಸ್ತಾನು, ಉಸಿರಾಟಕ್ಕೆ ನೆರವಾಗುವ ಯಂತ್ರ ಬೇಕು. ಪ್ರತಿ ತುರ್ತಿಗೂ ಬೇರೆ ಪಟ್ಟಿ ಮಾಡಿ.

ಹೃದಯದ ಮಟ್ಟಿಗೆ ಕರ್ನಾಟಕದಲ್ಲಿ ಒಂದು ಅನುಕೂಲವಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಂತರ, ಅವರ ಹೆಸರಿನಲ್ಲಿ 2023ರಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ಹೃದ್ರೋಗ ತಜ್ಞರ ಕಣ್ಣಿಗೆ ಬೀಳುತ್ತದೆ. ಬೇಕೆಂದರೆ ಟೆನೆಕ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ಜಯದೇವದಂಥ ಆಸ್ಪತ್ರೆಗೆ ಕಳುಹಿಸುತ್ತಾರೆ. ಇದು ಗೊತ್ತಿಲ್ಲದ ಮನೆಯವರು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೂರು ಕಿಲೋಮೀಟರ್ ದೂರದ ನಗರಕ್ಕೆ ಓಡುತ್ತಾರೆ, ಇಲ್ಲವೇ ಬೀದಿ ತುದಿಯ ನರ್ಸಿಂಗ್ ಹೋಮಿನಿಂದ ಶುರು ಮಾಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಯಾವ ಕಟ್ಟಡದಲ್ಲಿದೆ, ರಾತ್ರಿ ಯಾವ ಬಾಗಿಲಿನಿಂದ ಒಳಹೋಗಬೇಕು ಎಂಬುದನ್ನು ಹೋಗಿ ನೋಡಿ ಬನ್ನಿ. ಆ ಬಾಗಿಲಿನ ಫೋಟೊ ಹಾಕಿ.

ಪಟ್ಟಿಯನ್ನು ತಿಂಗಳಿಗೊಮ್ಮೆ ಫೋನ್ ಮಾಡಿ ಸರಿಪಡಿಸಿ, ಕೊನೆಯ ಬಾರಿ ಯಾವ ದಿನ ವಿಚಾರಿಸಿದಿರಿ ಎಂಬುದನ್ನು ಪ್ರತಿ ಹೆಸರಿನ ಕೆಳಗೆ ತೋರಿಸಿ. ಈ ಕೆಲಸಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲಾಗದಿದ್ದರೆ ಪಟ್ಟಿಯನ್ನೇ ಹಾಕಬೇಡಿ, 108ರ ಮೇಲೆ ಬಿಡಿ. ಹಳಸಿದ ಪಟ್ಟಿ ಜನರನ್ನು ಮುಚ್ಚಿದ ಬಾಗಿಲಿಗೆ ಕಳುಹಿಸುತ್ತದೆ.

ಹೆಜ್ಜೆ 8: ಆಂಬ್ಯುಲೆನ್ಸ್ ಬರುವವರೆಗೆ

ಕರೆ ಮಾಡುವವರಿಗೆ ಓದಿ ಹೇಳಲು ಒಂದು ಪರದೆ ಸಿದ್ಧವಿರಲಿ. ಅಕ್ಷರ ದೊಡ್ಡದಾಗಿರಲಿ: ಊರು, ಗ್ರಾಮ ಪಂಚಾಯಿತಿ, ತಾಲ್ಲೂಕು, ಎಲ್ಲರಿಗೂ ಗೊತ್ತಿರುವ ಗುರುತು. ಗುರುತು ಎಂದರೆ ಹಾಲಿನ ಡೈರಿ, ಅಂಗನವಾಡಿ, ಊರ ಬಾಗಿಲಿನ ಸ್ವಾಗತ ಕಮಾನು. ಒಂದೇ ಹೆಸರಿನ ಎರಡು ಮೂರು ಊರುಗಳು ಇರುವುದು ನಮ್ಮಲ್ಲಿ ಸಾಮಾನ್ಯ, ಹಾಗಾಗಿ ತಾಲ್ಲೂಕಿನ ಹೆಸರು ಬಿಟ್ಟುಹೋಗಬಾರದು. ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೂ ಬಾಯಿಗೆ ಬರುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಜಾಗದ ಅಂಕಿಗಳನ್ನು ಎಸ್‌ಎಂಎಸ್‌ನಲ್ಲಿ ಪಕ್ಕದ ಮನೆಯವರಿಗೆ, ಮಕ್ಕಳಿಗೆ ಕಳುಹಿಸುವ ಗುಂಡಿ ಕೊಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ‘ನಿಮ್ಮ ಮನೆಯಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆ?’ ಎಂದು ಮೊದಲೇ ಕೇಳಿ ಬರೆಸಿಕೊಂಡರೆ ಆ ಹೊತ್ತಿಗೆ ಅದನ್ನೇ ಮೊದಲ ಸಾಲಾಗಿ ತೋರಿಸಬಹುದು.

ಮಾಡಬೇಕಾದದ್ದು, ಮಾಡಬಾರದ್ದು ನಾಲ್ಕೇ ಸಾಲು. ಎದೆನೋವಿದ್ದವರನ್ನು ಕೂರಿಸಿ, ನಡೆಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಹೋಗಲು ಬಿಡಬೇಡಿ. ಪಾರ್ಶ್ವವಾಯುವಿನ ಅನುಮಾನವಿದ್ದರೆ ನೀರನ್ನೂ ಕುಡಿಸಬೇಡಿ, ಕೊನೆಯದಾಗಿ ಚೆನ್ನಾಗಿದ್ದ ಗಂಟೆಯನ್ನು ಬರೆದಿಡಿ. ಹಾವು ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗದಂತೆ ಇಡಿ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ, ಒಂದು ಮಗ್ಗುಲಿಗೆ ಹೊರಳಿಸಿ. ಆಸ್ಪಿರಿನ್‌ನಂಥ ಮಾತ್ರೆಯ ಸಲಹೆಯನ್ನು ಆ್ಯಪ್ ತಾನಾಗಿ ಕೊಡಬಾರದು, ಅದು ಫೋನಿನಲ್ಲಿರುವ ವೈದ್ಯರ ಮಾತು.

ಹೆಜ್ಜೆ 9: ಕನ್ನಡ ಅಕ್ಷರ, ಕನ್ನಡ ದನಿ

ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿ ಆಮೇಲೆ ಕನ್ನಡ ತುಂಬಿದರೆ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ‘ಆಸ್ಪತ್ರೆ’ ಎಂಬ ಪದವನ್ನೇ ನೋಡಿ, ಎರಡು ಒತ್ತು. ಅವು ಮಾಯವಾದರೆ ‘ಆಸತೆ’ ಉಳಿಯುತ್ತದೆ. ನನ್ನ ಮೊದಲ ಮಾದರಿಯಲ್ಲಿ ಹೀಗೆಯೇ ಆಗಿತ್ತು, ಅಗ್ಗದ ಫೋನಿನಲ್ಲಿ ತೆರೆದ ಮೇಲೆ ಕಂಡಿತು. ಸಾಲಿನ ಎತ್ತರ ಧಾರಾಳವಾಗಿರಲಿ, ಫೋನಿನಲ್ಲಿ ಅಕ್ಷರದ ಗಾತ್ರವನ್ನು ಅತಿ ದೊಡ್ಡದು ಮಾಡಿ ಮತ್ತೊಮ್ಮೆ ನೋಡಿ.

ಓದಲು ಬಾರದವರಿಗೆ, ಕನ್ನಡಕ ಸಿಗದವರಿಗೆ ಪ್ರತಿ ಪರದೆಗೂ ದನಿ ಇರಲಿ. ಯಂತ್ರದ ದನಿಗಿಂತ ಆ ಸೀಮೆಯ ಹೆಣ್ಣುಮಗಳೊಬ್ಬಳು, ಸಾಧ್ಯವಾದರೆ ಅಲ್ಲಿನ ನರ್ಸ್, ತಮ್ಮ ಮಾತಿನಲ್ಲೇ ಓದಿದ ದನಿ ಮನೆಯವರನ್ನು ಬೇಗ ಮುಟ್ಟುತ್ತದೆ. ಕಲಬುರಗಿಯ ಅಜ್ಜಿಗೆ ಮೈಸೂರಿನ ದನಿ ಟಿವಿಯ ವಾರ್ತೆಯ ಹಾಗೆ ಕೇಳಿಸುತ್ತದೆ. ಕನ್ನಡವಲ್ಲದೆ ತುಳು, ಉರ್ದು, ಕೊಂಕಣಿ, ಲಂಬಾಣಿ ಆಡುವ ಮನೆಗಳು ನಿಮ್ಮ ತಾಲ್ಲೂಕಿನಲ್ಲಿ ಇದ್ದರೆ ಅವಕ್ಕೂ ದನಿ ಕೊಡಿ. ಒಟ್ಟು ನಲವತ್ತು ವಾಕ್ಯ, ಒಂದು ಮಧ್ಯಾಹ್ನದ ಕೆಲಸ.

ಇನ್ನೊಂದು ಮಾತು. ತುರ್ತಿನ ಆ್ಯಪ್ ಹಾಕಿಕೊಂಡು ಕಾಯುವವರು ಕಡಿಮೆ. ಅದೇ ಮೂರು ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಹುದಾದ ಚಿತ್ರವಾಗಿ, ಗ್ಯಾಸ್ ಒಲೆಯ ಮೇಲಿನ ಗೋಡೆಗೆ ಅಂಟಿಸಬಹುದಾದ ಹಾಳೆಯಾಗಿಯೂ ಕೊಡಿ.

ಹೆಜ್ಜೆ 10: ಗುಟ್ಟು ಮತ್ತು ದುಡ್ಡು

ಒಂದು ಫೋನನ್ನು ಇಡೀ ಮನೆ ಬಳಸುತ್ತದೆ. ಗರ್ಭಿಣಿಯ ರಕ್ತಸ್ರಾವ, ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹೊಡೆತ, ಇವುಗಳ ಕುರಿತ ಸಂದೇಶ ಲಾಕ್ ಪರದೆಯ ಮೇಲೆ ಕಾಣಿಸಿಕೊಳ್ಳಬಾರದು. ಮನಸ್ಸಿನ ಸಂಕಟಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಇರಲಿ. ಬೇಕಾದಷ್ಟು ಮಾಹಿತಿ ಮಾತ್ರ ಪಡೆಯಿರಿ, ಅದು ಫೋನಿನಲ್ಲಿಯೇ ಉಳಿಯಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿಕೊಳ್ಳಿ. 2020ರ ಏಪ್ರಿಲ್‌ನಿಂದ ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ನಿಮ್ಮ ಆ್ಯಪ್ ಆ ಗೆರೆ ದಾಟುತ್ತದೆಯೇ ಎಂದು ತಿಳಿದವರನ್ನು ಕೇಳಿ.

ಆಸ್ಪತ್ರೆಯಿಂದ ಕಮಿಷನ್ ಪಡೆದು ಪಟ್ಟಿಯಲ್ಲಿ ಮೇಲೆ ಹಾಕುವುದು, ತುರ್ತಿನ ಪರದೆಯಲ್ಲಿ ರಕ್ತಪರೀಕ್ಷೆಯ ಜಾಹೀರಾತು, ಇವೆರಡನ್ನೂ ಒಪ್ಪಿಕೊಳ್ಳಲೇಬೇಡಿ. ಒಮ್ಮೆ ಅನುಮಾನ ಬಂದರೆ ಆ ಊರಿನವರು ನಿಮ್ಮ ಆ್ಯಪ್‌ನ ‘ಹೊರಡಿ’ ಎಂಬ ಮಾತನ್ನು ಮತ್ತೆ ನಂಬುವುದಿಲ್ಲ.

ಹೆಜ್ಜೆ 11: ರಾತ್ರಿ ಎರಡು ಗಂಟೆಗೆ ಪರೀಕ್ಷಿಸಿ

ಹಗಲು ಹೊತ್ತಿನಲ್ಲಿ, ಕಚೇರಿಯ ವೈಫೈನಲ್ಲಿ, ದುಬಾರಿ ಫೋನಿನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಒಪ್ಪಿಗೆ ಕೊಟ್ಟ ಐದಾರು ಮನೆಗಳಿಗೆ ನಡುರಾತ್ರಿ ಫೋನ್ ಮಾಡಿ ಎಬ್ಬಿಸಿ, ‘ನಿಮ್ಮ ತಾಯಿ ಎದೆ ಹಿಡಿದುಕೊಂಡು ಕುಳಿತಿದ್ದಾರೆ ಎಂದುಕೊಳ್ಳಿ’ ಎಂದು ಹೇಳಿ ಗಡಿಯಾರ ಒತ್ತಿ. ಕನ್ನಡಕ ಇಲ್ಲದೆ, ಒಂದೇ ಕೈಯಲ್ಲಿ, ಬ್ಯಾಟರಿ ಶೇ. 5 ಇರುವಾಗ, ಡೇಟಾ ಖಾಲಿಯಾದಾಗ ಕರೆಯ ಪರದೆಯವರೆಗೆ ಎಷ್ಟು ಸೆಕೆಂಡು ಬೇಕಾಯಿತು, ಎಷ್ಟು ಸಲ ಒತ್ತಬೇಕಾಯಿತು ಎಣಿಸಿ. ಪರೀಕ್ಷೆಯ ಆವೃತ್ತಿಯಲ್ಲಿ 108ರ ಜಾಗದಲ್ಲಿ ನಿಮ್ಮದೇ ಸಂಖ್ಯೆ ಇರಲಿ, ನಿಜವಾದ ಕೇಂದ್ರಕ್ಕೆ ಸುಳ್ಳು ಕರೆ ಹೋಗುವುದು ಬೇಡ.

ಬಿಡುಗಡೆಯಾದ ಮೇಲೆ ಎಷ್ಟು ಮಂದಿ ಹಾಕಿಕೊಂಡರು ಎಂಬ ಲೆಕ್ಕಕ್ಕೆ ಮರುಳಾಗಬೇಡಿ. ಮೊದಲ ಲಕ್ಷಣದಿಂದ ಮೊದಲ ಕರೆಗೆ ಎಷ್ಟು ಹೊತ್ತು, ಅಲ್ಲಿಂದ ಆಸ್ಪತ್ರೆಯ ಬಾಗಿಲಿಗೆ ಎಷ್ಟು ಹೊತ್ತು, ಇವೆರಡೇ ಅಳತೆ. ಆಸ್ಪತ್ರೆಯವರು ಒಪ್ಪಿದರೆ ಎದೆನೋವಿನಿಂದ ಬಂದ ಎಲ್ಲರನ್ನೂ, ಆ್ಯಪ್ ಬಳಸದವರನ್ನೂ ಸೇರಿಸಿ, ಈ ಎರಡು ಪ್ರಶ್ನೆ ಕೇಳಿ ಹೋಲಿಸಿ. ತುರ್ತಲ್ಲದವರನ್ನು ಕಳುಹಿಸಿದ ತಪ್ಪನ್ನೂ ತುರ್ತಿನವರನ್ನು ಕಳುಹಿಸದ ತಪ್ಪನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಮೊದಲನೆಯದು ಆಸ್ಪತ್ರೆಗೆ ಹೊರೆಯಾಗದಂತೆ ನಿಧಾನವಾಗಿ ತಗ್ಗಿಸಬಹುದು. ಎರಡನೆಯದರಲ್ಲಿ ಒಂದೇ ಒಂದು ಪ್ರಕರಣ ಬಂದರೂ ಆ ವಾರವೇ ವೈದ್ಯರ ಜೊತೆ ಕುಳಿತು ಆ ಪ್ರಶ್ನೆಯನ್ನು ಮತ್ತೆ ಬರೆಯಿರಿ, ಆ ಮನೆಗೆ ಹೋಗಿ ಬನ್ನಿ, ಅವರ ರಾತ್ರಿಯ ಗೆರೆಯನ್ನೂ ನಿಮ್ಮ ಹಾಳೆಗೆ ಸೇರಿಸಿ.